ಮೆರೆದ ಆಟಗಾರರು ಕಾಲೇಜಿನ ಕೋಚ್ ಆದಾಗ ಎಡವುವುದೆಲ್ಲಿ?

ಪ್ರಶ್ನೆ: ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲನ್ನು ಕೆಲವು ವರ್ಷಗಳಿಂದ ಆಸಕ್ತಿಯಿಂದ ನೋಡುತ್ತಿದ್ದೇನೆ. ಪುರುಷರ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಮೆರೆದ ಪ್ಯಾಟ್ರಿಕ್ ಯೂಯಿಂಗ್ ತಾವು ಓದಿದ ಜಾರ್ಜ್‌ಟೌನ್‌ಗೇ ಕೋಚ್ ಆಗಿ ಬಂದು ಆರು ವರ್ಷಗಳಲ್ಲಿ ಕೆಲಸ ಕಳೆದುಕೊಂಡರು. ಡಾನ್ ಸ್ಟೇಲಿ ವೃತ್ತಿಪರ ಆಟಗಾರ್ತಿಯಾಗಿರುವಾಗಲೇ ಕಾಲೇಜು ಕೋಚ್ ಆಗಿದ್ದರಂತೆ; ಮುಂದೆ ರಾಷ್ಟ್ರೀಯ ಪ್ರಶಸ್ತಿಗಳನ್ನೇ ಗೆದ್ದರು. ಎರಡೂ ಕೆಲಸ ಒಟ್ಟಿಗೆ ಮಾಡಲು ಸಾಧ್ಯವಾದದ್ದು ಹೇಗೆ? ದೊಡ್ಡ ಆಟಗಾರರು ಕೋಚ್ ಆದಾಗ ಎಡವುವುದೇಕೆ? ಪಾಯಿಂಟ್ ಗಾರ್ಡ್ ಆಗಿದ್ದವರು ಒಳ್ಳೆಯ ಕೋಚ್ ಆಗುತ್ತಾರೆ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಪಾಯಿಂಟ್ ಗಾರ್ಡ್ ಸಿದ್ಧಾಂತ ವೀಕ್ಷಕ ವಿವರಣೆಕಾರರಿಗೆ ಬಹಳ ಪ್ರಿಯವಾದದ್ದು. ಚೆಂಡನ್ನು ಮುಂದಕ್ಕೆ ತರುವವನು, ಆಟ ಕಟ್ಟುವವನು, ಅಂಕಣದೊಳಗೇ ಇರುವ ಕೋಚ್. ಆದ್ದರಿಂದ ನಿವೃತ್ತಿಯ ನಂತರವೂ ಅವನೇ ಸಹಜ ಕೋಚ್ ಎನ್ನುವುದು ಅವರ ವಾದ. ಸ್ಟೇಲಿ ಪಾಯಿಂಟ್ ಗಾರ್ಡ್. ಕನೆಕ್ಟಿಕಟ್ ತಂಡಕ್ಕೆ 2014ರಲ್ಲಿ ಪ್ರಶಸ್ತಿ ತಂದ ಕೆವಿನ್ ಓಲಿ ಕೂಡ ಪಾಯಿಂಟ್ ಗಾರ್ಡ್. ಬಾಸ್ಟನ್ ಸೆಲ್ಟಿಕ್ಸ್ ಬಿಟ್ಟ 1963ರಲ್ಲೇ ಬಾಸ್ಟನ್ ಕಾಲೇಜಿನ ಕೋಚ್ ಆಗಿ, 1969ರಲ್ಲಿ ತಂಡವನ್ನು ಎನ್‌ಐಟಿ ಎಂಬ ಕಾಲೇಜು ಟೂರ್ನಿಯ ಫೈನಲ್‌ವರೆಗೆ ಕೊಂಡೊಯ್ದ ಬಾಬ್ ಕೂಸಿಯೂ ಅದೇ ಸ್ಥಾನದವರು. ಇಷ್ಟು ಹೆಸರು ಕೇಳಿದರೆ ವಾದ ಗಟ್ಟಿಯೆನಿಸುತ್ತದೆ. ಹಾಗಾದರೆ ಐಸಯಾ ಥಾಮಸ್ ಎಲ್ಲಿ ಹೋದರು? ಡೆಟ್ರಾಯಿಟ್ ಪಿಸ್ಟನ್ಸ್‌ಗೆ 1989 ಮತ್ತು 1990ರಲ್ಲಿ ಸಾಲಾಗಿ ಪ್ರಶಸ್ತಿ ಗೆಲ್ಲಿಸಿದ, ಆ ಸ್ಥಾನದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರಾದ ಅವರು ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದಲ್ಲಿ ಮೂರು ಋತುಗಳಲ್ಲಿ 26 ಪಂದ್ಯ ಗೆದ್ದು 65 ಸೋತರು. ಕ್ಲೀವ್‌ಲ್ಯಾಂಡ್‌ನ ಮಾರ್ಕ್ ಪ್ರೈಸ್ ತಮ್ಮ ಕಾಲದ ಅಚ್ಚುಕಟ್ಟಾದ ಪಾಯಿಂಟ್ ಗಾರ್ಡ್. ಷಾರ್ಲಟ್ ವಿಶ್ವವಿದ್ಯಾಲಯದಲ್ಲಿ ಮೂರನೆಯ ಋತುವಿನ ನಡುವೆಯೇ ಅವರ ಕೆಲಸ ಹೋಯಿತು.

ಆಟವನ್ನು ತಾನು ಕಾಣುವುದು ಬೇರೆ, ಇನ್ನೊಬ್ಬರಿಗೆ ಕಾಣಿಸುವುದು ಬೇರೆ. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಎದುರಾಳಿ ಶೂಟರ್ ಕೈಗೆ ಚೆಂಡು ಬಂದಿದೆ, ನಿಮ್ಮ ಹುಡುಗ ಐದಾರು ಹೆಜ್ಜೆ ದೂರದಲ್ಲಿದ್ದಾನೆ. ಅವನು ಓಡಿ ಹೋಗಿ ಶಾಟ್ ತಡೆಯಬೇಕು. ಪೂರ್ತಿ ವೇಗದಲ್ಲೇ ನುಗ್ಗಿದರೆ ಶೂಟರ್ ಒಮ್ಮೆ ಹುಸಿ ತೋರಿಸಿ ಪಕ್ಕದಿಂದ ನುಸುಳಿಬಿಡುತ್ತಾನೆ. ನಿಧಾನಿಸಿದರೆ ಆರಾಮವಾಗಿ ಚೆಂಡು ಎಸೆಯುತ್ತಾನೆ. ಮೊದಲ ಎರಡು ಮೂರು ಹೆಜ್ಜೆ ದೊಡ್ಡದಾಗಿರಬೇಕು, ಕೊನೆಯ ಹೆಜ್ಜೆಗಳು ಚಿಕ್ಕದಾಗಿ ನೆಲ ಕುಟ್ಟಬೇಕು. ಸೊಂಟ ಕೆಳಗಿರಬೇಕು, ಒಂದು ಕೈ ಮೇಲಿರಬೇಕು, ದೇಹದ ಭಾರ ಮುಂದಕ್ಕೆ ವಾಲಬಾರದು. ಬಾಸ್ಕೆಟ್‌ಬಾಲ್‌ನವರು ಇದನ್ನು ಕ್ಲೋಸ್‌ಔಟ್ ಎನ್ನುತ್ತಾರೆ. ಹದಿನೈದು ವರ್ಷ ಎನ್‌ಬಿಎಯಲ್ಲಿ ಆಡಿದವರ ಕಾಲು ಇದನ್ನು ತಾನಾಗಿಯೇ ಮಾಡುತ್ತದೆ. ಹದಿನೆಂಟರ ಹುಡುಗನ ಕಾಲು ಮಾಡುವುದಿಲ್ಲ. ಅವನಿಗೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳಬೇಕು, ನಾಳೆ ಮತ್ತೆ ಹೇಳಬೇಕು, ಫೆಬ್ರವರಿಯಲ್ಲೂ ಹೇಳಬೇಕು, ಹೇಳುವಾಗ ಮುಖ ಸಿಂಡರಿಸಬಾರದು. ತನಗೆ ಅನಾಯಾಸವಾಗಿ ಬಂದದ್ದನ್ನು ಹೀಗೆ ಬಿಚ್ಚಿ ಹರಡುವ ಕೆಲಸ ದೊಡ್ಡ ಆಟಗಾರನಿಗೆ ಬೇಸರ ತರಿಸುತ್ತದೆ. ಕಷ್ಟಪಟ್ಟು ಕಲಿತು ತಂಡದಲ್ಲಿ ಹೇಗೋ ಉಳಿದುಕೊಂಡವನಿಗೆ ಆ ಪಾಠ ಬಾಯಿಪಾಠವಾಗಿರುತ್ತದೆ.

ಆದರೂ ಕಲಿಸುವುದು ಈ ಹುದ್ದೆಯ ಅರ್ಧದಷ್ಟೂ ಅಲ್ಲ. ಯೂಯಿಂಗ್ ಅವರ ಕಥೆ ಅರ್ಥವಾಗಬೇಕಾದರೆ ಉಳಿದ ಭಾಗವನ್ನು ನೋಡಬೇಕು.

ಎನ್‌ಬಿಎಯಲ್ಲಿ ಕೋಚ್ ಆಟಗಾರರನ್ನು ಹುಡುಕಿಕೊಂಡು ಹೋಗುವುದಿಲ್ಲ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಇದೆ, ಜನರಲ್ ಮ್ಯಾನೇಜರ್ ಇದ್ದಾರೆ, ಒಪ್ಪಂದಗಳಿವೆ. ತಂಡವನ್ನು ಬೇರೆಯವರು ಕಟ್ಟಿಕೊಡುತ್ತಾರೆ, ಕೋಚ್ ಅದನ್ನು ಆಡಿಸುತ್ತಾರೆ. ಕಾಲೇಜಿನಲ್ಲಿ ದೀರ್ಘಕಾಲ ಈ ಎಲ್ಲ ಕೆಲಸವೂ ಮುಖ್ಯ ಕೋಚ್ ಒಬ್ಬರ ಹೆಗಲ ಮೇಲೇ ಇತ್ತು. ಹೈಸ್ಕೂಲಿನ ಹುಡುಗನನ್ನು ಗುರುತಿಸಬೇಕು, ಅವನ ಮನೆಗೆ ಹೋಗಿ ತಂದೆತಾಯಿಯ ಮುಂದೆ ಕುಳಿತು ಒಪ್ಪಿಸಬೇಕು, ಬಂದ ಮೇಲೆ ಅವನು ತರಗತಿಗೆ ಹೋಗುತ್ತಿದ್ದಾನೆಯೇ ಎಂದು ನೋಡಬೇಕು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎಯ ನಿಯಮಪುಸ್ತಕ ಎಷ್ಟು ಸೂಕ್ಷ್ಮವೆಂದರೆ, ಜುಲೈ ತಿಂಗಳ ಬೇಸಿಗೆ ಟೂರ್ನಿಗಳಲ್ಲಿ ಕೋಚ್‌ಗಳು ಕುಳಿತು ಹುಡುಗರ ಆಟ ನೋಡಬಹುದು, ಆದರೆ ಅಲ್ಲೇ ಅವರೊಂದಿಗೆ ಮಾತಿಗೆ ಇಳಿಯುವಂತಿಲ್ಲ. ಹಾಗಾಗಿ ಹೆಸರಾಂತ ಕೋಚ್‌ಗಳೆಲ್ಲ ತಮ್ಮ ವಿಶ್ವವಿದ್ಯಾಲಯದ ಹೆಸರಿರುವ ಅಂಗಿ ತೊಟ್ಟು, ಹುಡುಗನ ಕಣ್ಣಿಗೆ ಬೀಳುವಂತೆ ಸಾಲಾಗಿ ಕುಳಿತಿರುತ್ತಾರೆ. ಮಾತಾಡದೆ ತೋರಿಸಿಕೊಳ್ಳುವುದೇ ಆ ಹೊತ್ತಿನ ಉದ್ಯೋಗ. ಋತುವಿನಲ್ಲಿ ಅಭ್ಯಾಸಕ್ಕೂ ಮಿತಿಯಿದೆ: ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ, ವಾರದಲ್ಲೊಂದು ದಿನ ಕಡ್ಡಾಯ ಬಿಡುವು.

ಆಟದ ನಿಯಮಗಳಲ್ಲೂ ವ್ಯತ್ಯಾಸಗಳಿವೆ. ಎನ್‌ಬಿಎಯಲ್ಲಿ 48 ನಿಮಿಷ, 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕೆನ್ನುವ ಶಾಟ್ ಗಡಿಯಾರ, ವರ್ಷಕ್ಕೆ 82 ಪಂದ್ಯ. ಕಾಲೇಜಿನಲ್ಲಿ 40 ನಿಮಿಷ, 30 ಸೆಕೆಂಡು, ಸಾಮಾನ್ಯ ಋತುವಿನಲ್ಲಿ ಮೂವತ್ತು ಚಿಲ್ಲರೆ ಪಂದ್ಯ. ರಕ್ಷಣೆಯ ಆಟಗಾರ ಬುಟ್ಟಿಯ ಮುಂದಿನ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಸುಮ್ಮನೆ ನಿಲ್ಲಬಾರದೆಂಬ ಎನ್‌ಬಿಎ ನಿಯಮ ಕಾಲೇಜಿನಲ್ಲಿ ಇಲ್ಲದಿರುವುದರಿಂದ, ಎದುರಾಳಿಯ ಬೆನ್ನು ಹತ್ತದೆ ಜಾಗವನ್ನು ಕಾಯುವ ಝೋನ್ ಡಿಫೆನ್ಸ್ ಅಲ್ಲಿ ಹೆಚ್ಚು ಎದುರಾಗುತ್ತದೆ. ಇವೆಲ್ಲ ಒಂದು ಬೇಸಿಗೆಯಲ್ಲಿ ಕಲಿಯಬಹುದಾದ ಸಂಗತಿಗಳು. ನಿಯಮ ಗೊತ್ತಿಲ್ಲದೆ ಸೋತ ದೊಡ್ಡ ಆಟಗಾರ ಒಬ್ಬರೂ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಯೂಯಿಂಗ್ ಅವರ ವಿಷಯದಲ್ಲಿ ಜನ ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಅವರು ಅನುಭವವಿಲ್ಲದೆ ಬಂದವರಲ್ಲ. 2002ರಿಂದ 2017ರ ನಡುವೆ ವಾಷಿಂಗ್ಟನ್, ಹ್ಯೂಸ್ಟನ್, ಆರ್ಲ್ಯಾಂಡೊ, ಷಾರ್ಲಟ್ ಹೀಗೆ ನಾಲ್ಕು ಎನ್‌ಬಿಎ ತಂಡಗಳಲ್ಲಿ ಸಹಾಯಕ ಕೋಚ್ ಆಗಿದ್ದರು. ಹ್ಯೂಸ್ಟನ್‌ನಲ್ಲಿ ಯಾವೊ ಮಿಂಗ್, ಆರ್ಲ್ಯಾಂಡೊದಲ್ಲಿ ಡ್ವೈಟ್ ಹವರ್ಡ್ ಅವರೊಂದಿಗೆ ಕೆಲಸ ಮಾಡಿದರು. ಎನ್‌ಬಿಎ ಮುಖ್ಯ ಕೋಚ್ ಹುದ್ದೆಗೆ ವರ್ಷಗಟ್ಟಲೆ ಕಾದರೂ ಒಬ್ಬ ಮಾಲೀಕರೂ ಕೊಡಲಿಲ್ಲ. ಅಷ್ಟು ದುಡಿದವರಿಗೆ ಅದು ಅನ್ಯಾಯವೇ. ತಾಳ್ಮೆ, ದುಡಿಮೆ ಎರಡರಲ್ಲೂ ಅವರನ್ನು ಬೆರಳು ತೋರಿಸುವಂತಿಲ್ಲ. ಆದರೆ ಆ ವರ್ಷಗಳಲ್ಲಿ ಒಬ್ಬ ಹದಿನೇಳರ ಹುಡುಗನ ಮನೆಯ ಬಾಗಿಲು ತಟ್ಟುವ ಅಗತ್ಯ ಅವರಿಗೆ ಬಂದಿರಲಿಲ್ಲ.

2017ರ ಏಪ್ರಿಲ್‌ನಲ್ಲಿ ಜಾರ್ಜ್‌ಟೌನ್ ಕರೆಯಿತು. ಆ ಸ್ಥಾನದಿಂದ ಆಗಷ್ಟೇ ಇಳಿಸಲ್ಪಟ್ಟವರು ಜಾನ್ ಥಾಂಪ್ಸನ್ ಥರ್ಡ್, ಅಂದರೆ ಯೂಯಿಂಗ್ ಅವರ ಗುರು ಜಾನ್ ಥಾಂಪ್ಸನ್ ಅವರ ಮಗ. ಗುರುವಿನ ಕೈಕೆಳಗೆ ಯೂಯಿಂಗ್ 1982, 1984, 1985ರಲ್ಲಿ ಮೂರು ಬಾರಿ ಫೈನಲ್ ಆಡಿ 1984ರಲ್ಲಿ ಪ್ರಶಸ್ತಿ ಗೆದ್ದಿದ್ದರು. ಅಂದರೆ ಅವರು ಕಾಲಿಟ್ಟ ಕಟ್ಟಡದ ಗೋಡೆಗೋಡೆಯಲ್ಲೂ ಅವರದೇ ಹಳೆಯ ಗೆಲುವುಗಳು ತೂಗುತ್ತಿದ್ದವು. ಇದು ಮೇಲ್ನೋಟಕ್ಕೆ ಅನುಕೂಲ. ಲೆಕ್ಕ ಹಾಕಿ ನೋಡಿ: 2017ರಲ್ಲಿ ಕಾಲೇಜು ಸೇರುವ ಹುಡುಗ ಹುಟ್ಟಿದ್ದು 1999ರ ಆಸುಪಾಸಿನಲ್ಲಿ. ಯೂಯಿಂಗ್ ನ್ಯೂಯಾರ್ಕ್ ನಿಕ್ಸ್ ಬಿಟ್ಟಿದ್ದು 2000ದಲ್ಲಿ. ಅವರ ಹೆಸರು ಕೇಳಿ ಎದ್ದು ನಿಲ್ಲುವವನು ಹುಡುಗನ ಅಪ್ಪ. ಹುಡುಗನಿಗೆ ಅವರು ಅಪ್ಪನ ಕಾಲದ ಎತ್ತರದ ಮನುಷ್ಯ. ಕೀರ್ತಿಗೆ ಇಷ್ಟು ಬೇಗ ವಯಸ್ಸಾಗುತ್ತದೆಂದು ಕರೆತಂದ ಆಡಳಿತಗಾರರು ಯೋಚಿಸಿದ ಹಾಗಿಲ್ಲ.

ಒಮ್ಮೆ ಮಾತ್ರ ಎಲ್ಲವೂ ಕೂಡಿಬಂತು. 2021ರ ಮಾರ್ಚ್‌ನಲ್ಲಿ, ಜಾರ್ಜ್‌ಟೌನ್ ಸೇರಿರುವ ಕಾಲೇಜುಗಳ ಗುಂಪಾದ ಬಿಗ್ ಈಸ್ಟ್‌ನ ಟೂರ್ನಿಗೆ ಎಂಟನೆಯ ಶ್ರೇಯಾಂಕದೊಂದಿಗೆ ಬಂದ ಜಾರ್ಜ್‌ಟೌನ್ ನಾಲ್ಕು ದಿನಗಳಲ್ಲಿ ನಾಲ್ಕು ಪಂದ್ಯ ಗೆದ್ದು, ಫೈನಲ್‌ನಲ್ಲಿ ಕ್ರೈಟನ್ ತಂಡವನ್ನು 73-48ರಿಂದ ಬಗ್ಗುಬಡಿಯಿತು. ನಡೆದದ್ದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಅಂದರೆ ಯೂಯಿಂಗ್ ಅವರ ಜೆರ್ಸಿ ಸೂರಿನಿಂದ ತೂಗುವ ನಿಕ್ಸ್ ತಂಡದ ತವರು ಅಂಗಳದಲ್ಲೇ. ಅಲ್ಲಿನ ಭದ್ರತಾ ಸಿಬ್ಬಂದಿ ಪಾಸ್ ಎಲ್ಲಿ ಎಂದು ತಡೆದಾಗ ಅವರು ಪತ್ರಿಕಾಗೋಷ್ಠಿಯಲ್ಲೇ ಸಿಡಿಮಿಡಿಗೊಂಡಿದ್ದರು. ಈ ಕಟ್ಟಡದಲ್ಲಿ ತಾನು ಯಾರೆಂದು ಗೊತ್ತಿರಬೇಡವೇ ಎನ್ನುವುದು ಅವರ ಸಿಟ್ಟು. ಆದರೆ ರಾಷ್ಟ್ರಮಟ್ಟದ ಎನ್‌ಸಿಎಎ ಟೂರ್ನಿಯ ಮೊದಲ ಪಂದ್ಯದಲ್ಲೇ ಕೊಲರಾಡೊ 96-73ರಿಂದ ಮನೆಗೆ ಕಳಿಸಿತು. ಮರುವರ್ಷ ಬಿಗ್ ಈಸ್ಟ್‌ನಲ್ಲಿ ಆಡಿದ 19 ಪಂದ್ಯಗಳಲ್ಲಿ 19ನ್ನೂ ಸೋತರು. 2023ರ ಮಾರ್ಚ್‌ನಲ್ಲಿ ಕೆಲಸ ಹೋದಾಗ ಒಟ್ಟು ಲೆಕ್ಕ 75 ಗೆಲುವು, 109 ಸೋಲು.

ಆ 19 ಸೋಲುಗಳ ಹಿಂದೆ ಅಂಕಣದಾಚೆಯ ಕಾರಣವೊಂದಿದೆ. 2021ರ ಏಪ್ರಿಲ್‌ನಲ್ಲಿ ಎನ್‌ಸಿಎಎ ಹಳೆಯ ನಿಯಮವೊಂದನ್ನು ಕೈಬಿಟ್ಟಿತು. ಅದುವರೆಗೆ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದ ಆಟಗಾರ ಸಾಮಾನ್ಯವಾಗಿ ಒಂದು ಋತು ಆಡದೆ ಕೂರಬೇಕಿತ್ತು. ಇನ್ನು ಮುಂದೆ ಒಂದು ಬಾರಿ ದಂಡವಿಲ್ಲದೆ ಬದಲಾಯಿಸಬಹುದು ಎಂದಾಯಿತು. ಅದೇ ವರ್ಷ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಸಂಪಾದಿಸಲು ಅನುಮತಿ ಸಿಕ್ಕಿತು. ಕಾಲೇಜು ಬದಲಾಯಿಸಬಯಸುವವರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ 2018ರಿಂದಲೇ ಇತ್ತಾದರೂ ಅದಕ್ಕೆ ನಿಜವಾದ ಬಿರುಸು ಬಂದದ್ದು ಈಗ. ಪ್ರತಿ ವಸಂತದಲ್ಲೂ ತಂಡ ಅರ್ಧ ಖಾಲಿಯಾಗುತ್ತದೆ, ಕೆಲವೇ ವಾರಗಳಲ್ಲಿ ಮತ್ತೆ ತುಂಬಿಸಬೇಕು. ಇದಕ್ಕೆ ಬೇಕಾದದ್ದು ಮಾರುಕಟ್ಟೆ ತಿಳಿದ ಕಣ್ಣು ಮತ್ತು ಫೋನ್ ಕೆಳಗಿಡದ ಸಹಾಯಕರು. ತಾವೇ ಆಡಿದ, ಬುಟ್ಟಿಯ ಬಳಿಯ ಸೆಂಟರ್ ಸ್ಥಾನದ ಕಾಲ್ಚಳಕ ಕಲಿಸುವುದರಲ್ಲಿ ಯೂಯಿಂಗ್ ಅವರನ್ನು ಮೀರಿಸುವವರು ಕಡಿಮೆ. ಆದರೆ ಆ ಹೊತ್ತಿಗೆ ಬೇಕಾಗಿದ್ದದ್ದು ಆ ವಿದ್ಯೆ ಆಗಿರಲಿಲ್ಲ.

ಹಾಗೆಂದು ಓದಿದ ಕಾಲೇಜಿಗೆ ಮರಳುವುದೇ ಅಪಶಕುನ ಎಂದುಕೊಳ್ಳಬೇಡಿ. ಹಾಗೆ ಮರಳಿ ಮುಗ್ಗರಿಸಿದವರು ಇನ್ನೂ ಇದ್ದಾರೆ, ನಿಜ. ಕ್ಲೈಡ್ ಡ್ರೆಕ್ಸ್ಲರ್ 1998ರಲ್ಲಿ ಆಟ ಬಿಟ್ಟವರು ನೇರವಾಗಿ ತಮ್ಮ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ ಎರಡು ಋತುಗಳಲ್ಲಿ 19 ಗೆದ್ದು 39 ಸೋತರು. ಕ್ರಿಸ್ ಮುಲಿನ್ ತಾವು ಓದಿದ ಸೇಂಟ್ ಜಾನ್ಸ್‌ನಲ್ಲಿ ನಾಲ್ಕು ವರ್ಷ ಇದ್ದು 59 ಗೆದ್ದು 73 ಸೋತರು. ಅತ್ತ ಫ್ರೆಡ್ ಹೊಯ್ಬರ್ಗ್ ಕೂಡ ಮರಳಿದ್ದು ತಮ್ಮದೇ ಐಯೋವಾ ಸ್ಟೇಟ್‌ಗೆ. ವಿದ್ಯಾರ್ಥಿಯಾಗಿದ್ದಾಗ ಊರಿನ ಜನ ಅವರನ್ನು 'ಮೇಯರ್' ಎಂದೇ ಕರೆಯುತ್ತಿದ್ದರು, ನಿಜವಾದ ಮೇಯರ್ ಚುನಾವಣೆಯಲ್ಲಿ ಅವರ ಹೆಸರು ಬರೆದು ಮತ ಹಾಕಿದವರೂ ಇದ್ದರು. ಎನ್‌ಬಿಎಯಲ್ಲಿ ಅವರು ತಾರೆಯಾಗಿರಲಿಲ್ಲ: 1995ರ ಡ್ರಾಫ್ಟಿನಲ್ಲಿ 52ನೆಯವರು, ಮೂಲೆಯಲ್ಲಿ ನಿಂತು ಮೂರು ಅಂಕದ ಚೆಂಡು ಹಾಕುವ ಶೂಟರ್. 2005ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಗಿ ಆಟ ನಿಂತುಹೋಯಿತು.

ಆಮೇಲೆ ಅವರು ಮಾಡಿದ ಕೆಲಸ ಗಮನಿಸಬೇಕಾದದ್ದು. ಕೋಚ್ ಆಗಲಿಲ್ಲ, ಮಿನ್ನೆಸೋಟ ಟಿಂಬರ್‌ವುಲ್ವ್ಸ್ ತಂಡದ ಆಡಳಿತ ಕಚೇರಿ ಸೇರಿದರು. ಆಟಗಾರರನ್ನು ತೂಗಿ ನೋಡುವುದು, ಯಾರು ಯಾರ ಜೊತೆ ಹೊಂದುತ್ತಾರೆಂದು ಲೆಕ್ಕ ಹಾಕುವುದು ಅಲ್ಲಿನ ಕಸುಬು. 2010ರಲ್ಲಿ ಐಯೋವಾ ಸ್ಟೇಟ್‌ಗೆ ಬಂದಾಗ ಒಂದು ಪಂದ್ಯದಲ್ಲೂ ಕೋಚ್ ಆಗಿ ನಿಂತ ಅನುಭವ ಅವರಿಗಿರಲಿಲ್ಲ. ಹೈಸ್ಕೂಲಿನ ಅತ್ಯುತ್ತಮ ಹುಡುಗರು ಆ ಊರಿಗೆ ಸುಲಭವಾಗಿ ಬರುವುದಿಲ್ಲವೆಂದು ಗೊತ್ತಿದ್ದರಿಂದ, ಬೇರೆ ಕಾಲೇಜುಗಳಲ್ಲಿ ನೆಲೆ ಕಾಣದೆ ಹೊರಬಂದವರನ್ನು ಕರೆತಂದರು. ಪೋರ್ಟಲ್ ಎಂಬ ಪದ ಹುಟ್ಟುವ ಎಷ್ಟೋ ಮೊದಲಿನ ಮಾತು ಇದು. ಅಂದು ಇದನ್ನು ಅಡ್ಡದಾರಿ ಎಂದು ಮೂಗು ಮುರಿದವರಿದ್ದರು. ಇಂದು ಮೂಗು ಮುರಿಯಲು ಅವರಿಗೆ ಪುರುಸೊತ್ತಿಲ್ಲ, ಅವರೂ ಅದನ್ನೇ ಮಾಡುತ್ತಿದ್ದಾರೆ. ಐದು ವರ್ಷಗಳಲ್ಲಿ 115 ಗೆಲುವು, 56 ಸೋಲು. 2014 ಮತ್ತು 2015ರಲ್ಲಿ ತಮ್ಮ ಕಾಲೇಜು ಗುಂಪಾದ ಬಿಗ್ 12ರ ಟೂರ್ನಿಯ ಪ್ರಶಸ್ತಿ. ಆಮೇಲೆ ಷಿಕಾಗೊ ಬುಲ್ಸ್‌ಗೆ ಹೋದರು. ವಿಚಿತ್ರವೆಂದರೆ ಅಲ್ಲೂ ಗೆದ್ದದ್ದು ಸರಿಯಾಗಿ 115, ಆದರೆ ಸೋತದ್ದು 155. ಬೇರೆಯವರು ಕಟ್ಟಿದ ತಂಡವನ್ನು ಆಡಿಸುವಾಗ ಅವರ ಮುಖ್ಯ ಬಲವೇ ಉಪಯೋಗಕ್ಕೆ ಬರಲಿಲ್ಲ ಎಂಬುದು ನನ್ನ ಅಂದಾಜು.

ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ: ಆಟಗಾರ ಎಷ್ಟು ದೊಡ್ಡವರು, ಯಾವ ಸ್ಥಾನದಲ್ಲಿ ಆಡಿದರು ಎಂದು ಕೇಳುವ ಬದಲು, ಆಟ ಮತ್ತು ಹುದ್ದೆಯ ನಡುವಿನ ವರ್ಷಗಳಲ್ಲಿ ಏನು ಮಾಡಿದರು ಎಂದು ಕೇಳಿ. ಆ ಕೆಲಸದಲ್ಲಿ ಆಟಗಾರರನ್ನು ಆರಿಸುವುದೂ ಉಳಿಸಿಕೊಳ್ಳುವುದೂ ಇತ್ತೇ? ಜೊತೆಗೆ, ತಪ್ಪು ಮಾಡಿ ಕಲಿಯಲು ಅವಕಾಶವಿದ್ದ ಜಾಗದಲ್ಲಿ ಆರಂಭಿಸಿದರೇ?

ಕೆವಿನ್ ಓಲಿ ಈ ಮಾತಿಗೆ ಪೂರ್ತಿ ಹೊಂದುವವರು. ಆಳಾಗಬಲ್ಲವನು ಅರಸನಾಗಬಲ್ಲ ಎನ್ನುವ ಗಾದೆ ಅವರ ಜೀವನಚರಿತ್ರೆಯಂತಿದೆ. 1995ರ ಡ್ರಾಫ್ಟಿನಲ್ಲಿ ಅವರನ್ನು ಆರಿಸಿದವರೇ ಇಲ್ಲ. ಕೆಳದರ್ಜೆಯ ಲೀಗ್‌ನಲ್ಲಿ ಆಡಿ, ಎನ್‌ಬಿಎಗೆ ಸಣ್ಣಪುಟ್ಟ ಒಪ್ಪಂದಗಳ ಮೂಲಕ ನುಗ್ಗಿ, ಹತ್ತಕ್ಕೂ ಹೆಚ್ಚು ತಂಡಗಳನ್ನು ಸುತ್ತಿ 13 ಋತು ಉಳಿದರು. ಅವರ ಅಂಕ ನೋಡಿ ಕರೆದ ತಂಡ ಒಂದೂ ಇರಲಿಲ್ಲ. ಡ್ರೆಸಿಂಗ್ ರೂಮಿನಲ್ಲಿ ಕಿರಿಯರನ್ನು ತಿದ್ದಬಲ್ಲರೆಂದು ಕರೆಯುತ್ತಿದ್ದರು. ಕೊನೆಯ ತಂಡ ಒಕ್ಲಹೋಮ ಸಿಟಿಯಲ್ಲಿ ಎಳೆಯ ಕೆವಿನ್ ಡ್ಯುರಾಂಟ್ ಅವರ ಮೇಲೆ ಬೀರಿದ ಪ್ರಭಾವವನ್ನು ಡ್ಯುರಾಂಟ್ ತಾವೇ ಹೇಳಿಕೊಂಡಿದ್ದಾರೆ. ನಂತರ ಕನೆಕ್ಟಿಕಟ್‌ನಲ್ಲಿ ಜಿಮ್ ಕ್ಯಾಲ್ಹೂನ್ ಅವರ ಕೈಕೆಳಗೆ ಎರಡು ವರ್ಷ ಸಹಾಯಕರಾಗಿದ್ದು, 2012ರಲ್ಲಿ ಮುಖ್ಯ ಕೋಚ್ ಆದರು. ಮೊದಲ ವರ್ಷ ತಂಡಕ್ಕೆ ಎನ್‌ಸಿಎಎ ಟೂರ್ನಿ ಆಡುವ ಹಕ್ಕೇ ಇರಲಿಲ್ಲ. ಹಿಂದಿನ ವರ್ಷಗಳಲ್ಲಿ ಆಟಗಾರರ ಓದಿನ ಅಂಕ ಕುಸಿದದ್ದಕ್ಕೆ ಸಿಕ್ಕ ಶಿಕ್ಷೆ ಅದು. ಹೋಗಬಹುದಾಗಿದ್ದ ಷಬಾಜ್ ನೇಪಿಯರ್ ಅಂಥ ಆಟಗಾರರು ಹೋಗದೆ ಉಳಿದರು. ಇದನ್ನು ನಾನು ಓಲಿ ಅವರ ದೊಡ್ಡ ಗೆಲುವು ಎಂದೇ ಲೆಕ್ಕಕ್ಕೆ ಹಿಡಿಯುತ್ತೇನೆ. 2014ರಲ್ಲಿ ಏಳನೆಯ ಶ್ರೇಯಾಂಕದ ಆ ತಂಡ ಫೈನಲ್‌ನಲ್ಲಿ ಕೆಂಟಕಿಯನ್ನು 60-54ರಿಂದ ಸೋಲಿಸಿತು.

ಆದರೆ ಅಲ್ಲಿಗೆ ಕಥೆ ಮುಗಿಯಲಿಲ್ಲ. ನಂತರ ತಂಡ ಇಳಿಯುತ್ತ ಹೋಯಿತು, 2018ರ ಮಾರ್ಚ್‌ನಲ್ಲಿ ನಿಯಮ ಉಲ್ಲಂಘನೆಯ ಆರೋಪದ ಮೇಲೆ ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿತು. ಎನ್‌ಸಿಎಎ ಕೂಡ ನಿರ್ಬಂಧ ಹೇರಿತು. ಒಪ್ಪಂದದ ಬಾಕಿ ಹಣಕ್ಕಾಗಿ ಅವರು ಹೋರಾಡಿದರು; 2022ರ ಜನವರಿಯಲ್ಲಿ ಮಧ್ಯಸ್ಥಗಾರರು ಅವರಿಗೆ 1.1 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕೆಂದು ತೀರ್ಪಿತ್ತರು. ಹುಡುಗರನ್ನು ಉಳಿಸಿಕೊಳ್ಳುವ ಕಲೆಯೊಂದೇ ಸಾಲದು, ಹೊಸಬರನ್ನು ತರುವುದೂ ಕಾಗದಪತ್ರ ನೆಟ್ಟಗಿಡುವುದೂ ನಿಲ್ಲದೆ ನಡೆಯುತ್ತಿರಬೇಕು.

ಕಾಗದಪತ್ರದ ಮಾತು ಬಂದಾಗ ಪೆನ್ನಿ ಹಾರ್ಡವೇ ಅವರನ್ನು ಬಿಡುವಂತಿಲ್ಲ. ನಾಲ್ಕು ಬಾರಿ ಎನ್‌ಬಿಎ ಆಲ್‌ಸ್ಟಾರ್ ಆದ ಅವರು ಮೆಂಫಿಸ್‌ನ ಮಾಧ್ಯಮಿಕ ಶಾಲೆಯೊಂದರಲ್ಲಿ, ಕ್ಯಾನ್ಸರ್‌ನಿಂದ ನರಳುತ್ತಿದ್ದ ಗೆಳೆಯನಿಗೆ ನೆರವಾಗಲು ಕೋಚಿಂಗ್ ಶುರುಮಾಡಿದರು. ಬಳಿಕ ಈಸ್ಟ್ ಹೈಸ್ಕೂಲಿಗೆ ಸಾಲಾಗಿ ಮೂರು ರಾಜ್ಯ ಪ್ರಶಸ್ತಿ. ದೊಡ್ಡ ತಾರೆಯೊಬ್ಬರು ಇಷ್ಟು ಕೆಳಗಿನ ಮೆಟ್ಟಿಲಿನಿಂದ ಹತ್ತಿದ್ದು ಅಪರೂಪ. ಯಾವ ಮನೆಯಲ್ಲಿ ಯಾವ ಹುಡುಗ ಬೆಳೆಯುತ್ತಿದ್ದಾನೆಂದು ಊರಿನಲ್ಲಿ ಅವರಷ್ಟು ಬಲ್ಲವರಿರಲಿಲ್ಲ. 2018ರಲ್ಲಿ ಮೆಂಫಿಸ್ ವಿಶ್ವವಿದ್ಯಾಲಯ ಕರೆಯಿತು. ಆದರೆ 2017ರಲ್ಲಿ, ಹೈಸ್ಕೂಲ್ ಕೋಚ್ ಆಗಿದ್ದಾಗ, ಜೇಮ್ಸ್ ವೈಸ್‌ಮನ್ ಎಂಬ ಹುಡುಗನ ಕುಟುಂಬ ಮೆಂಫಿಸ್‌ಗೆ ಮನೆ ಬದಲಾಯಿಸಲು ಅವರು 11,500 ಡಾಲರ್ ಕೊಟ್ಟಿದ್ದರು. ಅದರಲ್ಲಿ ತಪ್ಪೇನು ಎಂದು ನಿಮಗನಿಸಬಹುದು. ಅವರು 2008ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ 10 ಲಕ್ಷ ಡಾಲರ್ ದಾನ ಕೊಟ್ಟಿದ್ದರು. ಎನ್‌ಸಿಎಎ ಕಣ್ಣಿನಲ್ಲಿ ಅವರು ದಾನಿ, ದಾನಿ ಆಟಗಾರನ ಕುಟುಂಬಕ್ಕೆ ಹಣ ಕೊಡುವಂತಿಲ್ಲ. ವೈಸ್‌ಮನ್‌ಗೆ 12 ಪಂದ್ಯಗಳ ನಿಷೇಧ ಬಿತ್ತು, ಅಷ್ಟೇ ಮೊತ್ತವನ್ನು ದತ್ತಿ ಸಂಸ್ಥೆಗೆ ಕೊಡಬೇಕೆಂದೂ ಆಯಿತು. ಮೂರೇ ಪಂದ್ಯ ಆಡಿದ್ದ ಹುಡುಗ 2019ರ ಡಿಸೆಂಬರಿನಲ್ಲಿ ಕಾಲೇಜು ಬಿಟ್ಟು ಎನ್‌ಬಿಎ ಡ್ರಾಫ್ಟಿಗೆ ತಯಾರಾದ. ಇಂದಿನ ನಿಯಮಗಳಡಿ ಆಟಗಾರರು ಸಂಪಾದಿಸುವ ಹಣ ನೋಡಿದರೆ ಆ 11,500 ಡಾಲರ್ ಗಲಾಟೆ ನಗು ತರಿಸುತ್ತದೆ.

ಈಗ ಸ್ಟೇಲಿ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕ್ಯಾಲೆಂಡರಿನಲ್ಲಿದೆ. ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯೂಎನ್‌ಬಿಎ ಬೇಸಿಗೆಯಲ್ಲಿ ನಡೆಯುತ್ತದೆ, ಕಾಲೇಜು ಋತು ನವೆಂಬರಿನಿಂದ ಏಪ್ರಿಲ್ ಆರಂಭದವರೆಗೆ. ಆದ್ದರಿಂದ 2000ದಲ್ಲಿ ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾಲಯದ ಕೋಚ್ ಆದ ಮೇಲೂ ಬೇಸಿಗೆಯಲ್ಲಿ ಷಾರ್ಲಟ್ ಸ್ಟಿಂಗ್ ಪರವಾಗಿ ಆಡಿದರು, 2005ರಲ್ಲಿ ಹ್ಯೂಸ್ಟನ್ ಕಾಮೆಟ್ಸ್‌ಗೆ ಹೋದರು, 2006ರಲ್ಲಿ ಆಟ ನಿಲ್ಲಿಸಿದರು. ನಡುವೆ 2000ದ ಸಿಡ್ನಿ ಮತ್ತು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ಅಥೆನ್ಸ್‌ನಲ್ಲಿ ಅಮೆರಿಕದ ಧ್ವಜ ಹಿಡಿದು ಮುಂದೆ ನಡೆದವರೂ ಅವರೇ. ಪುರುಷರಿಗೆ ಇದು ಸಾಧ್ಯವಿರಲಿಲ್ಲ, ಎನ್‌ಬಿಎ ಮತ್ತು ಕಾಲೇಜು ಋತುಗಳು ಒಂದರ ಮೇಲೊಂದು ಬೀಳುತ್ತವೆ.

ಕೋಚಿಂಗ್ ಅವರ ಕನಸಾಗಿರಲಿಲ್ಲ. ಟೆಂಪಲ್‌ನವರು ಕೇಳಿದಾಗ ಮೊದಲು ಒಲ್ಲೆ ಎಂದಿದ್ದನ್ನು ಅವರು ಎಷ್ಟೋ ಬಾರಿ ಹೇಳಿಕೊಂಡಿದ್ದಾರೆ. ಒಪ್ಪಿಕೊಂಡ ಮೇಲೆ ಸಿಕ್ಕಿದ್ದು ಹುಟ್ಟಿ ಬೆಳೆದ ಊರು, ಹೆಚ್ಚಿನವರ ಗಮನವಿಲ್ಲದ ತಂಡ. ನನ್ನ ದೃಷ್ಟಿಯಲ್ಲಿ ಇದು ಅವರ ದೊಡ್ಡ ಅದೃಷ್ಟ. ಅವರು ಓದಿದ್ದು ವರ್ಜೀನಿಯಾದಲ್ಲಿ. ಮೂರು ಬಾರಿ ಕೊನೆಯ ನಾಲ್ಕು ತಂಡಗಳ ಘಟ್ಟವಾದ ಫೈನಲ್ ಫೋರ್ ತಲುಪಿಯೂ ಪ್ರಶಸ್ತಿ ದಕ್ಕಿರಲಿಲ್ಲ, 1991ರ ಫೈನಲ್‌ನಲ್ಲಿ ಟೆನೆಸಿ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 70-67ರಿಂದ ಸೋತಿದ್ದರು. ಆ ವರ್ಜೀನಿಯಾಕ್ಕೇ ಮೊದಲ ಹುದ್ದೆಗೆ ಹೋಗಿದ್ದರೆ ಪ್ರತಿ ಸೋಲಿಗೂ ಹಳೆಯ ಕಾಲವನ್ನು ಅಡ್ಡ ಹಿಡಿಯುವವರಿರುತ್ತಿದ್ದರು. ಟೆಂಪಲ್‌ನಲ್ಲಿ ಎಂಟು ಋತು ಕೆಲಸ ಕಲಿತರು: 172 ಗೆಲುವು, 80 ಸೋಲು, ಆರು ಬಾರಿ ಎನ್‌ಸಿಎಎ ಟೂರ್ನಿ.

2008ರಲ್ಲಿ ಸೌತ್ ಕೆರೊಲಿನಾಕ್ಕೆ ಹೋದರು. ಮೊದಲ ಋತು 10 ಗೆಲುವು, 18 ಸೋಲು. ಎರಡನೆಯದೂ ಏಳಲಿಲ್ಲ. ಎನ್‌ಸಿಎಎ ಟೂರ್ನಿಗೆ ತಂಡ ತಲುಪಿದ್ದು ನಾಲ್ಕನೆಯ ಋತುವಿನಲ್ಲಿ, 2012ರಲ್ಲಿ. ಪುರುಷರ ತಂಡವಾಗಿದ್ದರೆ ಅಷ್ಟರಲ್ಲಿ ಕೋಚ್ ತಲೆ ಉರುಳುತ್ತಿತ್ತು. 2014ರಲ್ಲಿ ಅದೇ ರಾಜ್ಯದ ಹುಡುಗಿ ಏಜಾ ವಿಲ್ಸನ್ ಬಂದರು, 2017ರಲ್ಲಿ ಪ್ರಶಸ್ತಿ. 2019ರಲ್ಲಿ ಅಲಿಯಾ ಬಾಸ್ಟನ್ ಬಂದರು, 2022ರಲ್ಲಿ ಪ್ರಶಸ್ತಿ. 2024ರಲ್ಲಿ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ, ಫೈನಲ್‌ನಲ್ಲಿ ಕೇಟ್ಲಿನ್ ಕ್ಲಾರ್ಕ್ ಅವರ ಐಯೋವಾವನ್ನು 87-75ರಿಂದ ಮಣಿಸಿದರು.

ಇಲ್ಲೊಂದು ರಚನೆಯ ವ್ಯತ್ಯಾಸವನ್ನು ಗಮನಕ್ಕೆ ತರಬೇಕು, ಇಲ್ಲದಿದ್ದರೆ ಯೂಯಿಂಗ್ ಅವರಿಗೆ ಅನ್ಯಾಯವಾಗುತ್ತದೆ. ಎನ್‌ಬಿಎ ಡ್ರಾಫ್ಟಿಗೆ ಆ ವರ್ಷ 19 ತುಂಬಿ, ಹೈಸ್ಕೂಲ್ ಮುಗಿದು ಒಂದು ವರ್ಷವಾಗಿದ್ದರೆ ಸಾಕು; ಪ್ರತಿಭಾವಂತ ಹುಡುಗ ಒಂದೇ ವರ್ಷಕ್ಕೆ ಕಾಲೇಜು ಬಿಡುತ್ತಾನೆ. ಅಮೆರಿಕದ ಕಾಲೇಜು ಆಟಗಾರ್ತಿಯರಿಗೆ ಡಬ್ಲ್ಯೂಎನ್‌ಬಿಎ ಬಾಗಿಲು ತೆರೆಯಬೇಕಾದರೆ 22ರ ವಯಸ್ಸೋ ಪದವಿಯೋ ಬೇಕು. ವಿಲ್ಸನ್ ಮತ್ತು ಬಾಸ್ಟನ್ ಇಬ್ಬರೂ ನಾಲ್ಕು ವರ್ಷ ಉಳಿದು, 2018 ಮತ್ತು 2023ರ ಡ್ರಾಫ್ಟಿನಲ್ಲಿ ಮೊದಲನೆಯವರಾಗಿ ಆಯ್ಕೆಯಾದರು. ಒಬ್ಬ ಆಟಗಾರ್ತಿ ನಾಲ್ಕು ವರ್ಷ ಕಣ್ಣ ಮುಂದಿದ್ದರೆ ಆಗ ಕ್ಲೋಸ್‌ಔಟ್ ಪಾಠಕ್ಕೆ ಬೆಲೆ ಬರುತ್ತದೆ, ದೊಡ್ಡ ಆಟಗಾರ್ತಿಯ ಜ್ಞಾನ ಕೆಳಗಿಳಿಯಲು ಸಮಯ ಸಿಗುತ್ತದೆ. 2021ರಲ್ಲಿ ಸೌತ್ ಕೆರೊಲಿನಾ ಸ್ಟೇಲಿ ಅವರಿಗೆ ಏಳು ವರ್ಷಗಳಿಗೆ 2.24 ಕೋಟಿ ಡಾಲರಿನ ಒಪ್ಪಂದ ಕೊಟ್ಟಿತು. ಮೊದಲ ಮೂರು ವರ್ಷ ಕಾದದ್ದಕ್ಕೆ ವಿಶ್ವವಿದ್ಯಾಲಯಕ್ಕೆ ದೊರೆತ ಫಲಕ್ಕೆ ಹೋಲಿಸಿದರೆ ಅದೇನೂ ಹೆಚ್ಚಲ್ಲ.

ಹೊಸ ಕಾಲದಲ್ಲಿ ಈ ದಾರಿ ಮುಚ್ಚಿಹೋಗುತ್ತಿದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಜುವಾನ್ ಹವರ್ಡ್ 19 ವರ್ಷ ಎನ್‌ಬಿಎ ಆಡಿ, ಮಯಾಮಿ ಹೀಟ್‌ನಲ್ಲಿ ಸಹಾಯಕರಾಗಿದ್ದು 2019ರಲ್ಲಿ ತಮ್ಮ ಮಿಷಿಗನ್‌ಗೆ ಬಂದರು. ಬರುವಾಗಲೇ ಒಂದು ಜಾಣ ಕೆಲಸ ಮಾಡಿದರು: ಸೇಂಟ್ ಜೋಸೆಫ್ಸ್‌ನಲ್ಲಿ 24 ವರ್ಷ ಮುಖ್ಯ ಕೋಚ್ ಆಗಿದ್ದ ಫಿಲ್ ಮಾರ್ಟೆಲಿ ಅವರನ್ನು ಸಹಾಯಕರನ್ನಾಗಿ ಕರೆದುಕೊಂಡರು. 2021ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಅವರನ್ನು ವರ್ಷದ ಕೋಚ್ ಎಂದು ಹೆಸರಿಸಿತು. ಮರುವರ್ಷ ವಿಸ್ಕಾನ್ಸಿನ್ ಪಂದ್ಯದ ನಂತರದ ಕೈಕುಲುಕುವ ಸಾಲಿನಲ್ಲಿ ಎದುರಾಳಿ ಸಹಾಯಕ ಕೋಚ್ ಮುಖಕ್ಕೆ ಕೈಬೀಸಿ ಐದು ಪಂದ್ಯ ನಿಷೇಧ, 40,000 ಡಾಲರ್ ದಂಡ. 2024ರಲ್ಲಿ 8 ಗೆದ್ದು 24 ಸೋತ ಋತುವಿನ ಕೊನೆಗೆ ಕೆಲಸ ಹೋಯಿತು. ಅವರ ಜಾಗಕ್ಕೆ ಬಂದ ಡಸ್ಟಿ ಮೇ ಆಟಗಾರನಾಗಿ ಹೆಸರು ಮಾಡಿದವರೇ ಅಲ್ಲ. ಇಂಡಿಯಾನಾದಲ್ಲಿ ವಿದ್ಯಾರ್ಥಿ ಮ್ಯಾನೇಜರ್ ಆಗಿ ನೀರು, ಟವೆಲ್, ಚೆಂಡು ನೋಡಿಕೊಳ್ಳುತ್ತ ಈ ವೃತ್ತಿಗೆ ಬಂದವರು. ಪೋರ್ಟಲ್‌ನಿಂದ ತಂಡ ಕಟ್ಟಿ ಮೊದಲ ವರ್ಷವೇ 27 ಪಂದ್ಯ ಗೆದ್ದು, ಮಿಷಿಗನ್ ಸೇರಿರುವ ಬಿಗ್ ಟೆನ್ ಗುಂಪಿನ ಟೂರ್ನಿಯ ಪ್ರಶಸ್ತಿ ತಂದರು.

ಈಗ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಹಂಚಬಹುದಾಗಿದೆ. 2025-26ರ ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯದ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರಿನ ಮಿತಿ. ಹಣದ ಲೆಕ್ಕ ಬಂದೊಡನೆ ಜನರಲ್ ಮ್ಯಾನೇಜರ್ ಹುದ್ದೆಯೂ ಕಾಲೇಜಿಗೆ ಬಂತು. ಇನ್ನೂ ಎನ್‌ಬಿಎ ಆಡುತ್ತಿರುವಾಗಲೇ ಸ್ಟೆಫನ್ ಕರಿ 2025ರಲ್ಲಿ ತಮ್ಮ ಡೇವಿಡ್‌ಸನ್ ಕಾಲೇಜಿಗೆ, ಟ್ರೇ ಯಂಗ್ ಒಕ್ಲಹೋಮಕ್ಕೆ ಸಹಾಯಕ ಜನರಲ್ ಮ್ಯಾನೇಜರ್ ಆದರು. ಹುಡುಗರನ್ನು ಸೆಳೆಯಲು ದೊಡ್ಡ ಹೆಸರು ಬೇಕು, ಆದರೆ ದಿನನಿತ್ಯದ ಅಭ್ಯಾಸದ ಜವಾಬ್ದಾರಿ ಬೇರೆಯವರಿಗಿರಲಿ ಎನ್ನುವ ಏರ್ಪಾಡು ಇದು. ಇದು ಬೇರೂರಿದರೆ ಯೂಯಿಂಗ್ ಅಂಥವರಿಗೆ ಎರಡನೆಯ ಅವಕಾಶ ಸಿಗಬಹುದು: ನೇಮಕಾತಿಯ ಹೊರೆ ಮ್ಯಾನೇಜರ್ ಹೊತ್ತರೆ, ಎನ್‌ಬಿಎ ಸಹಾಯಕರಾಗಿ ಕಲಿತ ವಿದ್ಯೆಯನ್ನೇ ನೆಚ್ಚಿ ಕಾಲೇಜು ತಂಡವನ್ನು ಆಡಿಸಬಹುದು. ಅಲ್ಲಿಯವರೆಗೆ, ಹಳೆಯ ತಾರೆಯೊಬ್ಬರು ಕಾಲೇಜಿಗೆ ಕೋಚ್ ಆದರೆಂಬ ಸುದ್ದಿ ಬಂದಾಗ ಅವರ ಆಟದ ವಿಡಿಯೊಗಳನ್ನು ನೋಡುತ್ತ ಕೂರಬೇಡಿ. ಮೊದಲ ತಿಂಗಳಲ್ಲಿ ಅವರು ನೇಮಿಸಿಕೊಂಡ ಸಹಾಯಕರ ಪಟ್ಟಿ ಹುಡುಕಿ. ಅದರಲ್ಲಿ ಕಾಲೇಜು ಮಟ್ಟದಲ್ಲಿ ಹತ್ತಾರು ವರ್ಷ ಹುಡುಗರನ್ನು ಕರೆತಂದ ಅನುಭವವಿರುವವರು ಒಬ್ಬರೂ ಇಲ್ಲದೆ, ಹಳೆಯ ತಂಡದ ಗೆಳೆಯರೇ ತುಂಬಿದ್ದರೆ, ಮೂರನೆಯ ವರ್ಷದ ಹೊತ್ತಿಗೆ ಏನಾಗುತ್ತದೆಂದು ನೀವೇ ಊಹಿಸಬಹುದು.